ಹಳೆಯ ಗಣಿಯಲ್ಲಿ ನಿಂತ ನೀರಿಗೇ ಕರೆಂಟ್ ಕೊಟ್ಟು ಅದರ ಅಂಚನ್ನು ಹಿಡಿದ ಬಗೆ: ನನ್ನ ಅನುಭವ

ನೀರು ತುಂಬಿದ ಹಳೆಯ ಗಣಿ ನೆಲದಡಿ ಎಲ್ಲಿಗೆ ಮುಗಿಯುತ್ತದೆಂದೇ ತಿಳಿಯದ ತೊಂದರೆಯನ್ನು ಜಾರ್ಖಂಡ್‌ನ ಝರಿಯಾ ಮತ್ತು ಪಶ್ಚಿಮ ಬಂಗಾಳದ ರಾಣಿಗಂಜ್ ಕಲ್ಲಿದ್ದಲು ಕ್ಷೇತ್ರಗಳಲ್ಲಿ ಕೆಲಸ ಮಾಡಿದ ಭೂಭೌತ ತಜ್ಞರಿಗೆ ವಿವರಿಸಬೇಕಾಗಿಲ್ಲ. 1971ರಿಂದ 1973ರ ನಡುವೆ ಗಣಿಗಳು ರಾಷ್ಟ್ರೀಕರಣಗೊಳ್ಳುವ ಮೊದಲು ಖಾಸಗಿ ಮಾಲೀಕರು ತೋಡಿದ ಗ್ಯಾಲರಿಗಳಿಗೆ, ಅಂದರೆ ನೆಲದಡಿಯ ಸುರಂಗಗಳಿಗೆ, ಎಷ್ಟೋ ಕಡೆ ನಕ್ಷೆಗಳೇ ಇಲ್ಲ, ಇದ್ದರೂ ಅವುಗಳನ್ನು ನಂಬುವಂತಿಲ್ಲ. ಅಂತಹ ಜಾಗಗಳಲ್ಲಿ ನಿಂತ ನೀರು ಏನು ಮಾಡಬಲ್ಲದೆಂಬುದನ್ನು 1975ರ ಡಿಸೆಂಬರ್‌ನಲ್ಲಿ ಚಾಸ್ನಾಲಾ ಗಣಿಯ ದುರಂತ ತೋರಿಸಿತು; ಅಲ್ಲಿ 370ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. 1989ರಲ್ಲಿ ರಾಣಿಗಂಜ್‌ನ ಮಹಾಬೀರ್ ಗಣಿಗೆ ನೀರು ನುಗ್ಗಿದಾಗ ಮೇಲಿನಿಂದ ದೊಡ್ಡ ಬೋರ್‌ಹೋಲ್ ಕೊರೆದು, ಉಕ್ಕಿನ ಕ್ಯಾಪ್ಸೂಲ್ ಇಳಿಸಿ 65 ಮಂದಿಯನ್ನು ಮೇಲೆತ್ತಬೇಕಾಯಿತು. ನೀರು ತುಂಬಿದ ಹಳೆಯ ಗ್ಯಾಲರಿಗಳಿಂದ 60 ಮೀಟರ್ ಒಳಗೆ ಅನುಮತಿಯಿಲ್ಲದೆ ಮುಂದುವರಿಯಬಾರದೆಂಬ ನಿಯಮವೇನೋ ಇದೆ. ಆದರೆ ಅಂಚೇ ಗೊತ್ತಿಲ್ಲದಿದ್ದರೆ ಆ 60 ಮೀಟರನ್ನು ಎಲ್ಲಿಂದ ಅಳೆಯುವುದು?

ನನಗೆ ಕೆಲಸ ವಹಿಸಿದ್ದ ಝರಿಯಾದ ಗಣಿಯಲ್ಲಿ ಕಲ್ಲಿದ್ದಲು ಸ್ತರದ ಆಳ ನಲವತ್ತರಿಂದ ನಲವತ್ತೈದು ಮೀಟರ್, ದಪ್ಪ ಸುಮಾರು ಎರಡೂವರೆ ಮೀಟರ್ ಇತ್ತು. ಆಚೆ ನೀರಿರಬಹುದೆಂಬ ಅನುಮಾನದ ಮೇಲೆ ಅಗೆಯದೆ ಬಿಟ್ಟಿದ್ದ ಕಲ್ಲಿದ್ದಲಿನ ತಡೆ 300 ಮೀಟರ್ ಉದ್ದದ್ದು. ಆ 60 ಮೀಟರ್ ಅಗಲಕ್ಕೆ ಲೆಕ್ಕ ಹಾಕಿದರೆ ಅದರಲ್ಲೇ 60 ಸಾವಿರ ಟನ್ನಿಗೂ ಹೆಚ್ಚು ಕಲ್ಲಿದ್ದಲು ಕೂತಿತ್ತು. ಗಣಿಯವರಿಗೆ ನನ್ನ ಮಾತು ಕೇಳುವಷ್ಟು ಆಸಕ್ತಿ ಹುಟ್ಟಿದ್ದು ಈ ಲೆಕ್ಕದಿಂದಲೇ.

ಅದಕ್ಕಿಂತ ಮೊದಲು ಮಾಡಿದ್ದೆಲ್ಲ ದಂಡವಾಗಿತ್ತು. ನೆಲದೊಳಗೆ ರೇಡಿಯೋ ಅಲೆ ಕಳಿಸಿ ನೋಡುವ ಗ್ರೌಂಡ್ ಪೆನೆಟ್ರೇಟಿಂಗ್ ರಾಡಾರ್ ಮೇಲಿನ ಎರಡು ಮೂರು ಮೀಟರ್ ಜೇಡಿಮಣ್ಣಿನಲ್ಲೇ ಉಸಿರು ಬಿಟ್ಟಿತು. ಗುರುತ್ವದ ಅತಿ ಸಣ್ಣ ಏರುಪೇರನ್ನು ಅಳೆಯುವ ಮೈಕ್ರೋಗ್ರಾವಿಟಿಯನ್ನು ಒಬ್ಬ ಸಲಹೆಗಾರರು ಬಲವಾಗಿ ಶಿಫಾರಸು ಮಾಡಿದ್ದರು. ಹತ್ತು ಚದರ ಮೀಟರ್ ಅಡ್ಡಕೊಯ್ತದ ಒಣ ಗ್ಯಾಲರಿಯೊಂದು 40 ಮೀಟರ್ ಆಳದಲ್ಲಿದ್ದರೆ ಮೇಲೆ ಸಿಗುವ ಗುರುತ್ವದ ವ್ಯತ್ಯಾಸ ಐದು ಮೈಕ್ರೋಗ್ಯಾಲ್‌ನಷ್ಟು ಮಾತ್ರ. ನೀರು ತುಂಬಿದ್ದರೆ ಒಂದೂವರೆ ಮೈಕ್ರೋಗ್ಯಾಲ್ ಕೂಡ ಬಾರದು. ಪಕ್ಕದ ರಸ್ತೆಯಲ್ಲಿ ಡಂಪರ್‌ಗಳು ಓಡಾಡುವಾಗ ಅಷ್ಟನ್ನು ಅಳೆಯುತ್ತೇವೆಂದು ಹೇಳುವುದು ಗಣಿಯವರ ಹಣಕ್ಕೆ ಮಾಡುವ ಮೋಸ.

ರೆಸಿಸ್ಟಿವಿಟಿ ಇಮೇಜಿಂಗ್, ಅಂದರೆ ನೆಲ ಕರೆಂಟನ್ನು ಎಷ್ಟು ತಡೆಯುತ್ತದೆಂದು ಮೇಲಿನಿಂದ ಅಳೆದು ಚಿತ್ರ ಮಾಡುವುದು, ಎಲ್ಲರೂ ಮಾಡುವುದು, ನಾವೂ ಮಾಡಿದೆವು. ಚಿತ್ರ ಚೆನ್ನಾಗಿಯೇ ಬಂತು, ಕಡಿಮೆ ರೆಸಿಸ್ಟಿವಿಟಿ ತೋರಿಸುವ ನೀಲಿ ಬಣ್ಣದ ದೊಡ್ಡ ತೇಪೆಯೂ ಸಿಕ್ಕಿತು. ಅದರ ನಡುವೆ ಕೊರೆಸಿದ ಬೋರ್‌ಹೋಲ್‌ಗಳಲ್ಲಿ ಸಿಕ್ಕಿದ್ದು ಒದ್ದೆ ಶೇಲ್ (ಜೇಡಿಮಣ್ಣು ಗಟ್ಟಿಯಾದ ಕಲ್ಲು), ಅದರ ಕೆಳಗೆ ಗಟ್ಟಿ ಕಲ್ಲಿದ್ದಲು. ಕೊರೆತಕ್ಕೆ ಆಗ ಮೀಟರಿಗೆ ಒಂದೂವರೆಯಿಂದ ಎರಡು ಸಾವಿರ ರೂಪಾಯಿ ಇದ್ದಿರಬೇಕು. ಒಂದೊಂದು ಬೋರ್‌ಹೋಲಿಗೂ ಎಂಬತ್ತು ತೊಂಬತ್ತು ಸಾವಿರ ಖರ್ಚಾಯಿತು. ಗಣಿಯ ವ್ಯವಸ್ಥಾಪಕರು ನಮ್ಮ ಬಿಲ್ಲನ್ನು ತಿಂಗಳುಗಟ್ಟಲೆ ಮೇಜಿನ ಮೇಲಿಟ್ಟುಕೊಂಡರು. ನನ್ನ ಕೈ ಪಳಗಿದ್ದು ಕೋಲಾರದ ಕಡೆ ಬೋರ್‌ವೆಲ್ ಪಾಯಿಂಟ್ ಗುರುತಿಸುವ ಕೆಲಸದಲ್ಲಿ. ಅಲ್ಲಿನ ಗ್ರಾನೈಟಿನಲ್ಲಿ ಕಡಿಮೆ ರೆಸಿಸ್ಟಿವಿಟಿ ಕಂಡರೆ ಕಲ್ಲು ಶಿಥಿಲವಾಗಿದೆ ಅಥವಾ ಬಿರುಕು ಬಿಟ್ಟಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಝರಿಯಾದ ಕಲ್ಲಿದ್ದಲು ಇರುವ ಗೊಂಡ್ವಾನಾ ಪದರಗಳಲ್ಲಿ ಆ ಧೈರ್ಯ ಸಲ್ಲದು, ಏಕೆಂದರೆ ಶೇಲ್ ಮತ್ತು ಒದ್ದೆ ಮರಳುಗಲ್ಲು ಕೂಡ ಹಾಗೆಯೇ ಕಾಣುತ್ತವೆ.

ಆಗ ನಾನು ಮುಂದಿಟ್ಟದ್ದು ಮೀಜ್-ಆ-ಲಾ-ಮಾಸ್ (mise-à-la-masse) ವಿಧಾನವನ್ನು. ನೀರನ್ನು ಮೇಲಿನಿಂದ ಹುಡುಕುವ ಬದಲು, ಗ್ಯಾಲರಿಗೆ ತಗುಲಿದ ಒಂದು ಬೋರ್‌ಹೋಲ್ ಮೂಲಕ ಆ ನೀರಿಗೇ ಕರೆಂಟ್ ಕೊಟ್ಟು, ನೆಲದ ಮೇಲೆ ಪೊಟೆನ್ಷಿಯಲ್ (ವೋಲ್ಟೇಜ್) ಅಳೆಯುವುದು. ಇದು ಸಲ್ಫೈಡ್ ಅದಿರಿಗೆ ಹೇಳಿದ್ದು, ಗಣಿ ನೀರು ಅಷ್ಟು ಒಳ್ಳೆಯ ವಾಹಕವಲ್ಲ ಎಂದು ಜೊತೆಯವರು ನಕ್ಕರು. ಅವರ ಮಾತಿನಲ್ಲಿ ಹುರುಳಿತ್ತು. ಅಲ್ಲಿನ ನೀರಿನ ರೆಸಿಸ್ಟಿವಿಟಿ ಐದಾರು ಓಮ್-ಮೀಟರ್ ಇತ್ತು. ಕರೆಂಟ್ ದಾರಿಯುದ್ದಕ್ಕೂ ಸೋರುವುದರಿಂದ ಒಂದು ಬೋರ್‌ಹೋಲಿನಿಂದ ಅರವತ್ತು ಎಪ್ಪತ್ತು ಮೀಟರ್ ಆಚೆಗೆ ಏನೂ ತಿಳಿಯುವುದಿಲ್ಲ. ಆದರೆ ಇಡೀ ಗಣಿಯ ನಕ್ಷೆ ನನಗೆ ಬೇಕಿರಲಿಲ್ಲ, ತಡೆಯ ಕಡೆಗಿನ ಅಂಚು ಸಿಕ್ಕರೆ ಸಾಕಿತ್ತು.

ಮೊದಲ ದಿನಗಳ ಫಲಿತಾಂಶ ಅವರ ಪರವಾಗಿಯೇ ಬಂತು, ಬೋರ್‌ಹೋಲಿನ ಸುತ್ತ ದುಂಡನೆಯ ವೃತ್ತಗಳಲ್ಲದೆ ಮತ್ತೇನೂ ಕಾಣಲಿಲ್ಲ. ಕಾರಣ ಬೋರ್‌ಹೋಲಿನೊಳಗೆ ಇಳಿಸಿದ್ದ ಉಕ್ಕಿನ ಕೊಳವೆ, ಅಂದರೆ ಕೇಸಿಂಗ್. ಎಲೆಕ್ಟ್ರೋಡ್ ನೀರಿಗೆ ಇಳಿಯುವ ದಾರಿಯಲ್ಲೇ ಕರೆಂಟ್ ಕೇಸಿಂಗಿಗೆ ಹತ್ತಿಕೊಂಡು ಮೇಲಿನ ಮಣ್ಣಿಗೆ ಹರಿಯುತ್ತಿತ್ತು. ಪಿವಿಸಿ ಕೇಸಿಂಗ್ ಹಾಕಿ ಇನ್ನೊಂದು ಬೋರ್‌ಹೋಲ್ ಕೊರೆಸಲು ಗಣಿಯವರು ಒಪ್ಪಲಿಲ್ಲವಾದ್ದರಿಂದ ಅದರ ಖರ್ಚನ್ನು ನಾನೇ ಹಾಕಿದೆ. ಆಮೇಲೆ ಚಿತ್ರವೇ ಬದಲಾಯಿತು. ಕೊಟ್ಟ ಕರೆಂಟ್ ಅರ್ಧದಿಂದ ಒಂದು ಆಂಪಿಯರ್, ಮೇಲೆ ಸಿಕ್ಕಿದ್ದು ನೂರಾರು ಮಿಲಿವೋಲ್ಟ್. ಪಂಪು ಮತ್ತು ಕಲ್ಲಿದ್ದಲು ಎಳೆಯುವ ಹಾಲೇಜ್ ಯಂತ್ರಗಳ ಸೋರು ಕರೆಂಟು ಇಮೇಜಿಂಗಿನಲ್ಲಿ ನಮ್ಮನ್ನು ಗೋಳಾಡಿಸಿತ್ತು. ಇಷ್ಟು ದೊಡ್ಡ ಸಿಗ್ನಲ್ಲಿನ ಮುಂದೆ ಅದು ಲೆಕ್ಕಕ್ಕೇ ಬರಲಿಲ್ಲ.

ಅಳೆದ ಮೌಲ್ಯಗಳನ್ನು ನೇರವಾಗಿ ಕಾಂಟೂರ್ ಮಾಡಿದರೆ ಪ್ರಯೋಜನವಿಲ್ಲ. ಅದೇ ಪದರಗಳಲ್ಲಿ ಗ್ಯಾಲರಿಯೇ ಇಲ್ಲದೆ ಒಂದು ಬಿಂದುವಿನಲ್ಲಿ ಕರೆಂಟ್ ಕೊಟ್ಟಿದ್ದರೆ ಏನು ಬರುತ್ತಿತ್ತೆಂದು ಲೆಕ್ಕ ಹಾಕಿ, ಅಳೆದದ್ದನ್ನು ಅದರಿಂದ ಭಾಗಿಸಬೇಕು. ಆ ಅನುಪಾತ ಥಟ್ಟನೆ ಇಳಿಯುವ ಸಾಲೇ ಅಂಚು. ಕರೆಂಟ್ ಮರಳಿ ಬರುವ ದೂರದ ಎಲೆಕ್ಟ್ರೋಡನ್ನು ಯಾವ ದಿಕ್ಕಿಗೆ, ಎಷ್ಟು ದೂರಕ್ಕೆ ಒಯ್ಯಬೇಕೆಂಬುದರಲ್ಲಿ ಈ ಕೆಲಸದ ಅರ್ಧ ಗುಟ್ಟಿದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದೇ ನನ್ನ ಹೊಟ್ಟೆಪಾಡು.

ನಡುವೆ ಉಪ್ಪಿನ ಪ್ರಯೋಗವೊಂದನ್ನೂ ಮಾಡಿದೆವು. ನೀರನ್ನು ಇನ್ನಷ್ಟು ವಾಹಕವಾಗಿಸಬಹುದೆಂಬ ಆಸೆಯಿಂದ ಕೆಲವು ಮೂಟೆ ಉಪ್ಪನ್ನು ಕರಗಿಸಿ ಬೋರ್‌ಹೋಲಿಗೆ ಸುರಿದೆವು. ಗ್ಯಾಲರಿಗಳಲ್ಲಿರುವ ನೀರಿನ ಮುಂದೆ ಅದು ಎಲ್ಲಿಗೂ ಸಾಲಲಿಲ್ಲ. ಆದರೆ ಮರುದಿನ ಅದೇ ಬಿಂದುಗಳಲ್ಲಿ ಮತ್ತೆ ಅಳೆದಾಗ ಅನುಪಾತದ ಚಿತ್ರ ಸ್ತರದ ಇಳಿಜಾರಿನ ಕಡೆಗೆ ನಾಲಗೆ ಚಾಚಿದಂತೆ ಉದ್ದವಾಗಿತ್ತು. ಭಾರವಾದ ಉಪ್ಪುನೀರು ಗ್ಯಾಲರಿಯ ತಳ ಹಿಡಿದು ಇಳಿದಿತ್ತು. ಯಾವ ಗ್ಯಾಲರಿ ಯಾವುದಕ್ಕೆ ಕೂಡಿದೆಯೆಂದು ತಿಳಿಯಲು ಇಷ್ಟು ಅಗ್ಗದ ಉಪಾಯ ನನಗೆ ಬೇರೆ ಸಿಕ್ಕಿಲ್ಲ.

ನಾವು ಗುರುತಿಸಿದ ಅಂಚಿನ ಒಳಗಡೆ ಕೊರೆದಾಗ ಬಿಟ್ ಸ್ತರದಲ್ಲಿ ಏಕಾಏಕಿ ಕುಸಿದು ನೀರು ಮೇಲೇರಿತು. ಹೊರಗಡೆ ಗಟ್ಟಿ ಕಲ್ಲಿದ್ದಲು ಸಿಕ್ಕಿತು. ತಪ್ಪಿದರೆ ಹತ್ತು ಹನ್ನೆರಡು ಮೀಟರ್ ತಪ್ಪೀತು. ನಕ್ಕವರ ಇಮೇಜಿಂಗ್ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಗ್ಯಾಲರಿಗಳ ನಡುವೆ ಉಳಿಸಿದ ಕಲ್ಲಿದ್ದಲಿನ ಒಂದೊಂದು ಕಂಬವನ್ನು (ಪಿಲ್ಲರನ್ನು) ಬೇರೆ ಬೇರೆಯಾಗಿ ತೋರಿಸೆಂದು ಕೇಳಿದರೆ 45 ಮೀಟರ್ ಆಳದಲ್ಲಿ ಅದು ಆಗದ ಮಾತು. ಗಣಿಯೊಳಗೆ ಮುಂದೆ ನೀರಿದೆಯೇ ಎಂದು ನೋಡಲು ಮುಂಗಡ ರಂಧ್ರ ಕೊರೆಯುತ್ತಲೇ ಸಾಗುವುದನ್ನು ಬಿಡುವಂತೆಯೂ ಇಲ್ಲ. ಹಳೆಯ ಗ್ಯಾಲರಿಯಲ್ಲಿ ಕಲ್ಲಿದ್ದಲು ಸಾಗಿಸುವ ಟಬ್‌ಗಳ ಕಬ್ಬಿಣದ ಹಳಿಗಳು ಉಳಿದಿದ್ದರೆ ಕರೆಂಟ್ ಇನ್ನೂ ದೂರ ಹೋಗಿ ನಮಗೆ ಅನುಕೂಲವೇ ಆಗುತ್ತದೆ. ನೆಲದ ಮೇಲಿನ ತಂತಿಬೇಲಿ ಮತ್ತು ನೀರಿನ ಪೈಪುಗಳು ಮಾತ್ರ ಶತ್ರುಗಳು.

ಗಣಿಯವರು ಈಗ ಬೆಂಕಿ ಹತ್ತಿದ ಸ್ತರದ ಮೇಲೂ ಇದನ್ನೇ ಮಾಡಿಕೊಡಿ ಎನ್ನುತ್ತಿದ್ದಾರೆ. ಆ ಗ್ಯಾಲರಿಗಳು ಒಣಗಿವೆ, ಕರೆಂಟ್ ಹಿಡಿಯುವ ನೀರೇ ಅಲ್ಲಿಲ್ಲ. ಹಾಗಾಗಿ ಅಲ್ಲಿಗೆ ಬೇರೆ ದರಕ್ಕೆ, ಬೇರೆ ವಿಧಾನದ ಕೊಟೇಶನ್ ಕೊಟ್ಟಿದ್ದೇನೆ.