ಟೈಲ್ಸ್ ಮೇಲೆ ನಾಯಿಯ ಟಿಕ್ ಟಿಕ್: ಸದ್ದು ಕಡಿಮೆ ಮಾಡುವುದು ಹೇಗೆ?

ಬದಿಯಡ್ಕದ ಹತ್ತಿರದ ನಮ್ಮ ಹಳೇ ಮನೆಯಲ್ಲಿ ನಾಯಿಯ ಉಗುರಿನ ಸದ್ದನ್ನು ನಾನು ಗಮನಿಸಿದ್ದೇ ಇಲ್ಲ. ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದರು. ನಾಯಿ ಮಲಗುವುದು ಹೊರಜಗಲಿಯಲ್ಲಿ, ಗೋಣಿಯ ಮೇಲೆ. ಆಮೇಲೆ ಹೊಸ ಮನೆ ಕಟ್ಟಿದೆವು. ಕೆಳಗೆ, ಮೇಲೆ ಎಲ್ಲ ಕಡೆ ನುಣ್ಣನೆಯ ಟೈಲ್ಸ್. ಜೂನ್‌ನಲ್ಲಿ ಮಳೆ ಹಿಡಿಯಿತು, ನಮ್ಮ ಕರಿಯ ಒಳಗೆ ಬಂದ. ರಾತ್ರಿ ಎರಡು ಗಂಟೆಗೆ ಮೇಲಿನ ಹಾಲಿನಲ್ಲಿ ಟಿಕ್ ಟಿಕ್ ಟಿಕ್. ಕೆಳಗಿನ ಕೋಣೆಯಲ್ಲಿ ಮಲಗಿದ್ದ ಅಮ್ಮನಿಗೆ ನಿದ್ದೆಯೇ ಇಲ್ಲ.

ನಾನು ಮಾಡಿದ ಮೊದಲ ಕೆಲಸ ಚಾಪೆ ಹುಡುಕಿದ್ದು. ಅದು ತಪ್ಪು. ಮೊದಲು ನೋಡಬೇಕಾದದ್ದು ನಾಯಿಯ ಕಾಲನ್ನು.

ನಾಯಿಗೆ ಬೆಕ್ಕಿನ ಹಾಗೆ ಉಗುರನ್ನು ಒಳಗೆ ಎಳೆದುಕೊಳ್ಳಲು ಬರುವುದಿಲ್ಲ. ಹಾಗಾಗಿ ಗಟ್ಟಿ ನೆಲದಲ್ಲಿ ಸ್ವಲ್ಪ ಸದ್ದು ಇದ್ದೇ ಇರುತ್ತದೆ. ಆದರೆ ಪ್ರತಿ ಹೆಜ್ಜೆಗೂ ಜೋರಾಗಿ ಟಕ್ ಅಂದರೆ ಉಗುರು ಜಾಸ್ತಿ ಬೆಳೆದಿದೆ ಎಂದೇ ಲೆಕ್ಕ. ಉದ್ದದ ಉಗುರು ನೆಲಕ್ಕೆ ತಾಗಿ ಬೆರಳನ್ನು ಮೇಲಕ್ಕೆ ತಳ್ಳುತ್ತದೆ. ನಾಯಿ ಪಾದ ಸರಿಯಾಗಿ ಊರಲಾಗದೆ ನಡಿಗೆಯನ್ನೇ ಬದಲಿಸಿಕೊಳ್ಳುತ್ತದೆ. ವಯಸ್ಸಾದ ನಾಯಿಗೆ ಇದರಿಂದ ಗಂಟು ನೋವು ಇನ್ನೂ ಹೆಚ್ಚಾಗುತ್ತದೆ. ನಮಗೆ ಕಿವಿಗೆ ಕಿರಿಕಿರಿ, ಅದಕ್ಕೆ ನಡೆಯುವುದೇ ಕಷ್ಟ.

ಪರೀಕ್ಷೆ ಸುಲಭ. ನಾಯಿ ಸಮತಟ್ಟು ನೆಲದಲ್ಲಿ ಸುಮ್ನೆ ನಿಂತಿರುವಾಗ ಉಗುರಿನ ಕೆಳಗೆ ಒಂದು ಕಾಗದ ತೂರಿಸಿ ನೋಡಿ. ಸಲೀಸಾಗಿ ಹೋದರೆ ಸರಿ. ತಡೆದರೆ ಕತ್ತರಿಸುವ ಸಮಯ ಬಂದಿದೆ.

ನಮ್ಮ ಕಡೆಯ ನಾಯಿಗಳ ಬಗ್ಗೆ ಇಲ್ಲಿ ಒಂದು ಮಾತು. ಮುರಕಲ್ಲಿನ ಪದವಿನಲ್ಲಿ, ಅಂದರೆ ಗಟ್ಟಿ ಕೆಂಪು ಕಲ್ಲಿನ ಬಯಲಿನಲ್ಲಿ, ಓಡಾಡುವ ನಾಯಿಯ ಉಗುರು ತಾನಾಗಿ ಸವೆಯುತ್ತದೆ. ಅಡಿಕೆ ತೋಟದಲ್ಲೇ ಇರುವ ನಾಯಿಗೆ ಆ ಭಾಗ್ಯ ಇಲ್ಲ. ತೋಟದ ಮಣ್ಣು ಮೆತ್ತಗೆ, ಅದರ ಮೇಲೆ ಸೋಗೆ, ಹುಲ್ಲು. ಎಷ್ಟು ಓಡಿದರೂ ಉಗುರು ಸವೆಯುವುದಿಲ್ಲ. ಮಳೆಗಾಲದಲ್ಲಂತೂ ಓಡಾಟವೇ ಕಡಿಮೆ. ಸಾಧ್ಯವಾದಾಗ ದಿನಕ್ಕೆ ಅರ್ಧ ಗಂಟೆ ಗಟ್ಟಿ ದಾರಿಯಲ್ಲಿ ನಡೆಸಿ. ಬೇಸಗೆಯಲ್ಲಿ ಡಾಮರು ಸುಡುತ್ತದೆ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನು ಅಲ್ಲಿ ನಡೆಸಬೇಡಿ. ಬೆಳಗ್ಗೆ ಬೇಗ ಹೋಗುವುದೇ ಒಳ್ಳೆಯದು.

ಉಗುರು ಕತ್ತರಿಸುವುದು

ಇದಕ್ಕೇ ಎಲ್ಲರೂ ಹೆದರುವುದು. ನಾನೂ ಹೆದರಿದ್ದೆ, ಹೆದರಿಕೆಗೆ ಕಾರಣವೂ ಇತ್ತು. ಮೊದಲ ಸಲ ಅವಸರದಲ್ಲಿ ಜಾಸ್ತಿ ಕತ್ತರಿಸಿ ರಕ್ತ ಬರಿಸಿದೆ. ಕರಿಯ ಕೂಗಿದ ಕೂಗು ಇವತ್ತಿಗೂ ಮರೆತಿಲ್ಲ. ಆಮೇಲೆ ಎರಡು ತಿಂಗಳು ಅವನು ನನ್ನ ಕೈಗೆ ಕಾಲು ಕೊಡಲಿಲ್ಲ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಉಗುರಿನ ಒಳಗೆ ರಕ್ತನಾಳ ಮತ್ತು ನರ ಇರುವ ಜೀವಂತ ಭಾಗವಿದೆ. ಬಿಳಿ ಉಗುರಿನಲ್ಲಿ ಅದು ಗುಲಾಬಿ ಬಣ್ಣದಲ್ಲಿ ಹೊರಗಿನಿಂದಲೇ ಕಾಣುತ್ತದೆ. ಅದಕ್ಕಿಂತ ಎರಡು ಮಿಲಿಮೀಟರ್ ಮುಂಚೆ ನಿಲ್ಲಿಸಿ. ಕಪ್ಪು ಉಗುರಿನಲ್ಲಿ ಹೊರಗಿನಿಂದ ಏನೂ ಕಾಣುವುದಿಲ್ಲ. ಅಲ್ಲಿ ಒಂದೇ ಉಪಾಯ: ತೆಳುವಾಗಿ ಕತ್ತರಿಸುವುದು, ಪ್ರತಿ ಸಲವೂ ಕತ್ತರಿಸಿದ ಮುಖವನ್ನು ನೋಡುವುದು. ಮೊದಲು ಬಿಳಿಚಿಕೊಂಡ, ಪುಡಿಪುಡಿಯಾದ ಒಣ ಭಾಗ ಕಾಣುತ್ತದೆ. ಮತ್ತೆ ಸ್ವಲ್ಪ ಕತ್ತರಿಸಿದಾಗ ನಡುವಿನಲ್ಲಿ ಒಂದು ಕಪ್ಪು ಅಥವಾ ಬೂದು ಚುಕ್ಕೆ ಮೂಡುತ್ತದೆ. ಅಲ್ಲಿಗೆ ಸಾಕು.

ಮನುಷ್ಯರ ನೇಲ್ ಕಟ್ಟರ್ ಬೇಡ. ಅದು ನಾಯಿಯ ದುಂಡು ಉಗುರನ್ನು ಚಪ್ಪಟೆ ಮಾಡಿ ಸೀಳುತ್ತದೆ. ನಾಯಿಗೆಂದೇ ಸಿಗುವ, ಇಕ್ಕಳದ ಹಾಗಿರುವ ಕಟ್ಟರ್ ತನ್ನಿ. ಅಲಗು ಹರಿತವಾಗಿರಲಿ. ಸ್ನಾನ ಆದ ಮೇಲೆ ಉಗುರು ಮೆತ್ತಗಿರುತ್ತದೆ, ಆಗ ಕೆಲಸ ಹಗುರ.

ಕಟ್ಟರ್ ತಂದ ದಿನವೇ ಕತ್ತರಿಸಲು ಹೋಗಬೇಡಿ. ನಾಲ್ಕೈದು ದಿನ ಬರೀ ಕಾಲು ಮುಟ್ಟಿ, ಬೆರಳು ಒತ್ತಿ, ಒಂದು ತುಂಡು ಬೇಯಿಸಿದ ಮೊಟ್ಟೆಯೋ ದೋಸೆಯೋ ಕೊಡಿ. ಒಣದ್ರಾಕ್ಷಿ ಮಾತ್ರ ಬೇಡ, ಅದು ನಾಯಿಯ ಮೂತ್ರಪಿಂಡಕ್ಕೆ ವಿಷ. ಆಮೇಲೆ ಕಟ್ಟರನ್ನು ಉಗುರಿಗೆ ತಾಗಿಸಿ ತೆಗೆಯಿರಿ, ಅಷ್ಟೇ. ಹೆದರದೆ ಕೂತಿತು ಅನ್ನಿಸಿದಾಗ ಒಂದೇ ಒಂದು ಉಗುರು ಕತ್ತರಿಸಿ. ಸುಮಾರು 45 ಡಿಗ್ರಿ ಓರೆಯಾಗಿ, ತುದಿಯಿಂದ ಒಂದೋ ಎರಡೋ ಮಿಲಿಮೀಟರ್. ಸಾಮಾನ್ಯವಾಗಿ ನಾಯಿಗೆ ಹದಿನೆಂಟು ಉಗುರು. ಎಲ್ಲವನ್ನೂ ಒಂದೇ ದಿನ ಮುಗಿಸಬೇಕು ಅಂತ ಯಾರು ಹೇಳಿದರು? ದಿನಕ್ಕೆ ಒಂದು ಕಾಲು ಸಾಕು.

ಮುಂಗಾಲಿನ ಒಳಬದಿಯಲ್ಲಿ ಮೇಲೆ ಒಂದು ಹೆಚ್ಚಿನ ಉಗುರಿರುತ್ತದೆ. ಅದು ನೆಲಕ್ಕೆ ತಾಗುವುದಿಲ್ಲ, ಸದ್ದೂ ಮಾಡುವುದಿಲ್ಲ. ಅದಕ್ಕೇ ನಾವು ಮರೆಯುತ್ತೇವೆ. ಸವೆಯದ ಕಾರಣ ಅದು ಸುರುಳಿ ಸುತ್ತಿ ಮಾಂಸಕ್ಕೇ ಚುಚ್ಚಿಕೊಳ್ಳಬಹುದು. ಅದನ್ನು ಮರೆಯಬೇಡಿ.

ರಕ್ತ ಬಂದರೆ ಗಾಬರಿ ಬೇಡ. ಕಾರ್ನ್‌ಫ್ಲೋರ್ ಅನ್ನು ಚಿವುಟಿ ತೆಗೆದು ಉಗುರಿನ ತುದಿಗೆ ಒತ್ತಿ ಹಿಡಿಯಿರಿ. ಐದು ನಿಮಿಷ ಕೈ ತೆಗೆಯದೆ ಹಿಡಿಯಬೇಕು, ನಡುವೆ ತೆಗೆದು ನೋಡಬಾರದು. ಹತ್ತು ಹದಿನೈದು ನಿಮಿಷವಾದರೂ ನಿಲ್ಲದಿದ್ದರೆ ಮೃಗಾಸ್ಪತ್ರೆಗೆ ಕರೆದುಕೊಂಡು ಹೋಗಿ. ನಮ್ಮ ಮನೆಗಳಲ್ಲಿ ಗಾಯಕ್ಕೆ ಕಾಫಿ ಪುಡಿ ಒತ್ತುವ ರೂಢಿ ಇದೆಯಲ್ವಾ, ಅದನ್ನು ನಾಯಿಗೆ ಮಾಡಲೇಬೇಡಿ. ಅದು ಕಾಲು ನೆಕ್ಕುತ್ತದೆ, ಕಾಫಿಯಲ್ಲಿರುವ ಕೆಫೀನ್ ಅದರ ಹೊಟ್ಟೆಗೆ ಹೋಗಬಾರದು.

ತುಂಬಾ ದಿನ ಬಿಟ್ಟ ಉಗುರಿನಲ್ಲಿ ಒಳಗಿನ ಜೀವಂತ ಭಾಗವೂ ಉದ್ದವಾಗಿರುತ್ತದೆ. ಒಂದೇ ಸಲಕ್ಕೆ ಗಿಡ್ಡ ಮಾಡಲು ಆಗುವುದಿಲ್ಲ. ವಾರಕ್ಕೊಮ್ಮೆ ತುದಿ ತೆಗೆಯುತ್ತಾ ಹೋದರೆ ಅದು ನಿಧಾನವಾಗಿ ಹಿಂದೆ ಸರಿಯುತ್ತದೆ. ಹದಕ್ಕೆ ಬಂದ ಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಕೊನೆಗೆ ಅರದಿಂದ ಅಂಚು ಉಜ್ಜಿ ದುಂಡಗೆ ಮಾಡಿ. ಕತ್ತರಿಸಿದ ಚೂಪು ಅಂಚೇ ಟೈಲ್ಸ್ ಮೇಲೆ ಹೆಚ್ಚು ಸದ್ದು ಮಾಡುವುದು.

ಕಟ್ಟರ್ ಕಂಡರೆ ಓಡುವ ನಾಯಿಗೆ ಇನ್ನೊಂದು ದಾರಿ ಇದೆ. ಅಗಲದ ಹಲಗೆಗೆ 80 ನಂಬರಿನ ಮರಳು ಕಾಗದ ಅಂಟಿಸಿ, ಓರೆಯಾಗಿ ಹಿಡಿದು, ಕೆರೆದರೆ ತಿಂಡಿ ಸಿಗುತ್ತದೆ ಎಂದು ಕಲಿಸಿ. ಮುಂಗಾಲಿನ ಉಗುರು ತಾನೇ ಸವೆಸಿಕೊಳ್ಳುತ್ತದೆ. ಹಿಂಗಾಲಿಗೆ ಮಾತ್ರ ನಾವೇ ಬೇಕು.

ಈಗ ನೆಲ

ನುಣ್ಣನೆಯ ಟೈಲ್ಸ್‌ನಲ್ಲಿ ನಾಯಿಯ ಕಾಲು ಜಾರುತ್ತದೆ. ಜಾರಿದಾಗ ಹಿಡಿತಕ್ಕೆಂದು ಅದು ಉಗುರನ್ನು ನೆಲಕ್ಕೆ ಊರುತ್ತದೆ. ಸದ್ದು ಇನ್ನೂ ಜಾಸ್ತಿ. ಉದ್ದ ಕೂದಲಿನ ನಾಯಿಯಾದರೆ ಪಾದದ ಮೆತ್ತೆಗಳ ನಡುವಿನ ಕೂದಲು ಬೆಳೆದು ಜಾರುವುದು ಹೆಚ್ಚುತ್ತದೆ. ಅದನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಿ.

ಚಾಪೆ ತರುವ ಮೊದಲು ಒಂದು ದಿನ ನಾಯಿಯ ದಾರಿ ನೋಡಿ. ಅದು ಮನೆಯೆಲ್ಲ ತಿರುಗುವ ಹಾಗೆ ಕಂಡರೂ ನಡೆಯುವುದು ಎರಡು ಮೂರು ದಾರಿಯಲ್ಲೇ. ಕರಿಯನದ್ದು ಮೆಟ್ಟಿಲಿನಿಂದ ಬಾಲ್ಕನಿ ಬಾಗಿಲಿಗೆ, ಅಲ್ಲಿಂದ ನನ್ನ ಮಂಚದ ಬುಡಕ್ಕೆ. ಇಡೀ ಹಾಲಿಗೆ ಹಾಸಬೇಕಾಗಿಲ್ಲ. ಆ ದಾರಿಗೆ ಉದ್ದನೆಯ ಪಟ್ಟಿ ಹಾಸಿದರೆ ಸಾಕು.

ಏನು ಹಾಸುವುದು? ತೆಂಗಿನ ನಾರಿನ ಮ್ಯಾಟ್ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಹಿಡಿತವೂ ಚೆನ್ನಾಗಿದೆ. ಆದರೆ ಮಳೆಗಾಲದಲ್ಲಿ ತೇವ ಹಿಡಿದು ಬೂಸಲು ಬರುತ್ತದೆ. ಹಿಂಭಾಗಕ್ಕೆ ರಬ್ಬರ್ ಇರುವುದನ್ನೇ ತೆಗೆದುಕೊಳ್ಳಿ, ಬಿಸಿಲು ಬಂದ ದಿನ ಒಣಗಿಸಿ. ನಮ್ಮ ಮನೆಯಲ್ಲಿ ಕೊನೆಗೆ ನಿಂತದ್ದು ಬೇರೆ: ಕೆಳಗೆ ಹಳೇ ಯೋಗ ಮ್ಯಾಟ್, ಮೇಲೆ ಹತ್ತಿಯ ಜಮಖಾನೆ. ಮೇಲಿನದು ಒಗೆಯಲು ಸುಲಭ, ಕೆಳಗಿನದು ಜಾರಲು ಬಿಡುವುದಿಲ್ಲ. ಹಳೇ ಸೀರೆಯ ಹೊದಿಕೆಯನ್ನು ಬರೀ ಟೈಲ್ಸ್ ಮೇಲೆ ಹಾಸಬೇಡಿ. ಅದರ ಜೊತೆ ನಾಯಿಯೂ ಜಾರುತ್ತದೆ, ಮನೆಯ ಹಿರಿಯರೂ ಜಾರುತ್ತಾರೆ.

ಕಾಸರಗೋಡು ಪೇಟೆಯ ಫ್ಲ್ಯಾಟಿನಲ್ಲಿ ಇರುವವರು ಒಂದು ವಿಷಯ ತಿಳಿದಿರಬೇಕು. ಉಗುರು ತಾಗಿದಾಗ ಸದ್ದು ಗಾಳಿಯಲ್ಲಿ ಮಾತ್ರ ಹೋಗುವುದಿಲ್ಲ, ಸ್ಲ್ಯಾಬಿನೊಳಗಿಂದಲೇ ಕೆಳಗಿನ ಮನೆಗೆ ಇಳಿಯುತ್ತದೆ. ಪರದೆ, ಸೋಫಾ ಇಟ್ಟರೆ ನಿಮ್ಮ ಕೋಣೆಯ ಪ್ರತಿಧ್ವನಿ ತಗ್ಗುತ್ತದೆ, ಅಷ್ಟೇ. ಕೆಳಗಿನವರಿಗೆ ನಿದ್ದೆ ಬರಬೇಕಾದರೆ ಉಗುರು ಮತ್ತು ನೆಲದ ನಡುವೆಯೇ ಮೆತ್ತನೆಯದೇನಾದರೂ ಇರಬೇಕು.

ನಾಯಿಗೆ ಸಾಕ್ಸ್ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಅಡಿಗೆ ರಬ್ಬರ್ ಇರುವುದನ್ನು ಒಂದೆರಡು ಗಂಟೆ ಹಾಕಬಹುದು. ನಾಯಿ ಬೆವರುವುದು ಮುಖ್ಯವಾಗಿ ಪಾದದಲ್ಲೇ. ನಮ್ಮ ಸೆಕೆಯಲ್ಲಿ ದಿನವಿಡೀ ಹಾಕಿದರೆ ಬೆರಳ ಸಂದಿ ಹುಣ್ಣಾಗುತ್ತದೆ. ಉಗುರಿಗೆ ಅಂಟಿಸುವ ಪ್ಲಾಸ್ಟಿಕ್ ಟೋಪಿಯೂ ಸಿಗುತ್ತದೆ, ನಾಲ್ಕರಿಂದ ಆರು ವಾರ ಬಾಳುತ್ತದೆ. ಕಿತ್ತು ನುಂಗುವ ನಾಯಿಗೆ ಅದು ಬೇಡ.

ರಾತ್ರಿ ತಿರುಗಾಟಕ್ಕೆ ಬೇರೆಯೇ ಕಾರಣ ಇರಬಹುದು. ಮಲಗುವ ಮುಂಚೆ ಮೂತ್ರಕ್ಕೆ ಹೊರಗೆ ಕರೆದುಕೊಂಡು ಹೋಗಿ. ಉಣ್ಣಿ, ತುರಿಕೆ ಇದೆಯಾ ನೋಡಿ. ವಯಸ್ಸಾದ ನಾಯಿ ದಿಕ್ಕು ತೋಚದೆ ರಾತ್ರಿಯೆಲ್ಲ ಓಡಾಡುವುದೂ ಉಂಟು. ಅದಕ್ಕೆ ಬೈಯಬೇಡಿ, ವೈದ್ಯರಿಗೆ ಹೇಳಿ.

ಸದ್ದು ಬದಲಾದರೂ ಕಿವಿ ಕೊಡಿ. ಟಿಕ್ ಟಿಕ್ ಬದಲು ಪರಪರ ಎಂದು ಉಗುರು ಎಳೆಯುವ ಸದ್ದು ಕೇಳಿದರೆ, ಹಿಂಗಾಲಿನ ಉಗುರಿನ ಮೇಲ್ಭಾಗ ಸವೆದಿದ್ದರೆ, ನಾಯಿ ಕಾಲೆತ್ತಲಾಗದೆ ಎಳೆಯುತ್ತಿದೆ ಎಂದರ್ಥ. ಬೆನ್ನುಹುರಿಯ ತೊಂದರೆ ಇರಬಹುದು. ಆಗ ಕಟ್ಟರ್, ಚಾಪೆ ಎಲ್ಲ ಬದಿಗಿಡಿ, ಅವತ್ತೇ ಮೃಗಾಸ್ಪತ್ರೆಗೆ ಹೊರಡಿ.