ಕೆಂಪು ಬಲ್ಬಿನ ಕೆಳಗೆ ಕಾಕ್ಸಾಕಿ

ಪಿಎಚ್‌ಡಿಯ ಎರಡನೇ ವರ್ಷದ ಬಹುಪಾಲು ನಾನು ಕತ್ತಲಲ್ಲಿ ಕಳೆದೆ. ಕಿಟಕಿಗೆ ಕಪ್ಪು ಕಾಗದ, ಬಾಗಿಲ ಸಂದಿಗೆ ಟೇಪು, ಲ್ಯಾಬಿನಲ್ಲಿ ವೈರಸ್ ಕೆಲಸ ಮಾಡುವ ಗಾಜಿನ ಪೆಟ್ಟಿಗೆಯಾದ ಹುಡ್ಡಿನ ಮೂಲೆಯಲ್ಲಿ ಹಿಂದೆ ಫೋಟೊ ಸ್ಟುಡಿಯೊದವರು ಹಾಕಿಕೊಳ್ಳುತ್ತಿದ್ದಂಥ ಕೆಂಪು ಬಲ್ಬು. ಫೋನಿನಲ್ಲಿ ಅಮ್ಮ, "ಹಾಡಹಗಲಲ್ಲಿ ಕತ್ತಲೆ ಮಾಡ್ಕೊಂಡು ಕೂರೋದು ಎಂಥ ಓದೋ ಮಾರಾಯ" ಅಂದಿದ್ದಳು.

ನಾನು ನೋಡಬೇಕಿದ್ದದ್ದು ಒಂದೇ ವಿಷಯ: ಕಾಕ್ಸಾಕಿ ಬಿ3 ವೈರಸ್ ಜೀವಕೋಶದೊಳಗೆ ತನ್ನ ಕವಚವನ್ನು ಯಾವ ಹೊತ್ತಿಗೆ ಬಿಚ್ಚುತ್ತದೆ ಎಂಬುದು. ಇದು ಪೋಲಿಯೋದ ದಾಯಾದಿ. ಸುಮಾರು 30 ನ್ಯಾನೊಮೀಟರಿನ ಗುಂಡು, ನಾಲ್ಕು ಬಗೆಯ ಪ್ರೋಟೀನುಗಳು ತಲಾ 60ರಂತೆ ಸೇರಿ ಕಟ್ಟಿದ ಕವಚ, ಒಳಗೆ 7,400 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಹೊಟ್ಟೆಯ ಆಮ್ಲಕ್ಕೆ ಜಗ್ಗದ ಈ ಕವಚ ಜೀವಕೋಶದ ಮೇಲ್ಮೈಯಲ್ಲಿ ತಾನು ಅಂಟಿಕೊಳ್ಳುವ ಸರಿಯಾದ ಪ್ರೋಟೀನು, ಅಂದರೆ ಗ್ರಾಹಕ, ಸಿಕ್ಕಿದ ಕೂಡಲೇ ತಾನಾಗಿ ಸಡಿಲವಾಗುತ್ತದೆ. ಡಿಎಎಫ್ ಎಂಬ ಗ್ರಾಹಕಕ್ಕೆ ಅಂಟಿದರೆ ಏನೂ ಆಗುವುದಿಲ್ಲ, ಅದು ಬರೀ ಜಗಲಿ. ಸಿಎಆರ್ ಎಂಬುದು ಕವಚದ ಮೇಲಿನ ಕಣಿವೆಗೆ ಬಂದು ಕೂತರೆ ಮಾತ್ರ ಆಟ ಶುರು. ಕಣಿವೆಯ ತಳದ ಜೇಬಿನಲ್ಲಿದ್ದ ಕೊಬ್ಬಿನ ಅಣು ಹೊರಬೀಳುತ್ತದೆ, ಕವಚದ ನಾಲ್ಕು ಪ್ರೋಟೀನುಗಳಲ್ಲಿ ಒಳಗಿದ್ದ ವಿಪಿ4 ಜಾರಿಹೋಗುತ್ತದೆ, ಇನ್ನೊಂದಾದ ವಿಪಿ1ರ ತುದಿ ಹೊರಗೆ ಚಾಚುತ್ತದೆ. ಪೋಲಿಯೋದಲ್ಲಿ ಅಳೆದವರ ಪ್ರಕಾರ ಈ ಹಂತದಲ್ಲಿ ಕಣ ನೂರಕ್ಕೆ ನಾಲ್ಕರಷ್ಟು ಊದಿಕೊಳ್ಳುತ್ತದೆ. ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜಿನಲ್ಲಿ 160ಎಸ್ (ಎಸ್ ಅಂದರೆ ಕಣ ತಳಕ್ಕಿಳಿಯುವ ವೇಗದ ಅಳತೆ) ವೇಗದಲ್ಲಿ ಇಳಿಯುತ್ತಿದ್ದದ್ದು 135ಎಸ್‌ಗೆ ಬರುತ್ತದೆ. ಆರ್‌ಎನ್‌ಎ ಹೊರಟುಹೋದ ಮೇಲೆ ಉಳಿಯುವ ಖಾಲಿ ಚಿಪ್ಪು 80ಎಸ್.

ಮೊದಲು ನಾನೂ ಸುಕ್ರೋಸ್ ಪದರಗಳಲ್ಲಿ ಈ ಮೂರನ್ನೂ ಬೇರ್ಪಡಿಸಿ ಅಳೆದೆ. ಗ್ರಾಫು ಚೆಂದ ಬಂತು. ಆದರೆ ಅದನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಪೋಲಿಯೋದಲ್ಲಿ ಒಂದು ಪ್ಲೇಕ್, ಅಂದರೆ ತಟ್ಟೆಯ ಕೋಶಗಳ ಹಾಸಿನಲ್ಲಿ ವೈರಸ್ ಕೊಂದು ಮಾಡುವ ತೂತು, ಆಗಬೇಕಾದರೆ 30ರಿಂದ 1,000 ಕಣಗಳು ಬೇಕು. ಅಂದರೆ ಬಹುತೇಕ ಕಣಗಳು ತಪ್ಪು ಜಾಗದಲ್ಲೋ ತಪ್ಪು ಹೊತ್ತಿನಲ್ಲೋ ಬಿಚ್ಚಿಕೊಂಡು ದಂಡವಾಗುತ್ತವೆ. ನಾನು ಅಳೆದದ್ದು ಆ ಸೋತವರ ಜಾತ್ರೆ. ಗೆದ್ದ ಒಂದೆರಡನ್ನು ಮಾತ್ರ ಎಣಿಸುವ ದಾರಿ ಬೇಕಿತ್ತು.

ದಾರಿ ಹಳೆಯದೇ: ನ್ಯೂಟ್ರಲ್ ರೆಡ್. ಈ ಬಣ್ಣ ಬೆರೆಸಿದ ದ್ರವದಲ್ಲಿ, ಕತ್ತಲಲ್ಲಿ, ಜೀವಕೋಶಗಳಿಗೆ ಸೋಂಕು ಹಚ್ಚಿದರೆ ಹುಟ್ಟುವ ಹೊಸ ಕಣಗಳೊಳಗೆ ಆರ್‌ಎನ್‌ಎ ಜೊತೆ ಬಣ್ಣವೂ ಸೇರಿಕೊಳ್ಳುತ್ತದೆ. ಬೆಳಕು ಬಿದ್ದರೆ ಆ ಬಣ್ಣವೇ ಆರ್‌ಎನ್‌ಎಯನ್ನು ಕೆಡಿಸುತ್ತದೆ. ಕವಚ ಬಿಚ್ಚಿ ಆರ್‌ಎನ್‌ಎ ಹೊರಬಂದರೆ ಬಣ್ಣ ಚದುರಿಹೋಗಿ ಬೆಳಕಿಗೆ ಹೆದರಬೇಕಿಲ್ಲ. ಲ್ಯಾಬಿನಲ್ಲಿ ಬೆಳೆಸುವ ಮನುಷ್ಯನ ಹೆಲಾ ಕೋಶಗಳ ಮೇಲೆ ವೈರಸ್ಸನ್ನು ಐಸಿನಲ್ಲಿ ಒಂದು ಗಂಟೆ ಬಿಟ್ಟರೆ ಅಂಟುತ್ತದೆ, ಒಳಹೋಗುವುದಿಲ್ಲ. ತೊಳೆದು 37 ಡಿಗ್ರಿಗೆ ಇಟ್ಟು, 0, 10, 20, 30, 60 ನಿಮಿಷಕ್ಕೆ ಒಂದೊಂದು ತಟ್ಟೆಗೆ ಟ್ಯೂಬ್‌ಲೈಟಿನ ಬೆಳಕು. ಆಮೇಲೆ ಮೇಲೆ ಅಗರೋಸ್ ಎಂಬ ಜೆಲ್ಲಿ ಸುರಿದು ಎರಡು ದಿನ ಕಾದು ಪ್ಲೇಕ್ ಎಣಿಸುವುದು. ಎಷ್ಟು ಪ್ಲೇಕೋ ಅಷ್ಟು ಕಣ ಆ ನಿಮಿಷದೊಳಗೆ ಬಿಚ್ಚಿ ಮುಗಿಸಿವೆ. ಹಾರ್ವರ್ಡಿನ ಹೋಗಲ್ ಮತ್ತು ಝುವಾಂಗ್ ಗುಂಪುಗಳು 2007ರಲ್ಲಿ, ಪೋಲಿಯೋ ಆರ್‌ಎನ್‌ಎ ಕೋಶದ ಅಂಚಿನಿಂದ 100–200 ನ್ಯಾನೊಮೀಟರ್ ಒಳಗೇ ಹೊರಬೀಳುತ್ತದೆಂದು ತೋರಿಸಿದಾಗ ಈ ಉಪಾಯವೂ ಜೊತೆಗಿತ್ತು.

ಬರೆಯುವಾಗ ಸಲೀಸು. ನನ್ನ ಮೊದಲ ಸರದಿಯಲ್ಲಿ ಯಾವ ತಟ್ಟೆಯಲ್ಲೂ ಒಂದು ಪ್ಲೇಕ್ ಇಲ್ಲ, ಬೆಳಕು ತೋರಿಸದ ತಟ್ಟೆಯಲ್ಲೂ. ಕಾರಣ ನನ್ನ ಮೊಬೈಲು: ಟೈಮರ್ ನೋಡಲು ಹತ್ತಾರು ಸಲ ಪರದೆ ಬೆಳಗಿಸಿದ್ದೆ. ಎರಡನೇ ಸರದಿಯಲ್ಲಿ ತಿರುಗುಮುರುಗು, 0 ನಿಮಿಷದ ತಟ್ಟೆಯಲ್ಲೇ ಪ್ಲೇಕುಗಳು. ವೈರಸ್ ಬೆಳೆಸಲು ಬೀಜವಾಗಿ ಹಾಕಿದ್ದ ಬಣ್ಣವಿಲ್ಲದ ವೈರಸ್ಸು ಸರಿಯಾಗಿ ತೊಳೆಯದೆ ಜೊತೆಗೇ ಉಳಿದಿತ್ತು. ಆಮೇಲೆ, ಬೆಳಕಿಗೆ ಬಗ್ಗದ ಕಣಗಳು ಹತ್ತು ಸಾವಿರಕ್ಕೆ ಒಂದಕ್ಕಿಂತ ಹೆಚ್ಚಿದ್ದರೆ ಆ ಬ್ಯಾಚನ್ನು ಎಸೆಯುವುದು ರೂಢಿಯಾಯಿತು.

ನಿಜವಾಗಿ ಕಾಡಿದ್ದು ಪ್ಲೆಕೊನರಿಲ್. ಜೇಬಿನೊಳಗೆ ಕೂತು ಕವಚವನ್ನು ಬಿಗಿಯುವ ಔಷಧ ಅದು. ಅದನ್ನು ಹಾಕಿದರೆ 60ನೇ ನಿಮಿಷಕ್ಕೂ ಕವಚ ಬಿಚ್ಚಬಾರದು, ಬೆಳಕು ಎಲ್ಲವನ್ನೂ ಕೊಲ್ಲಬೇಕು, ತಟ್ಟೆ ಖಾಲಿ ಇರಬೇಕು. ನನಗೆ ಔಷಧ ಇದ್ದರೂ ಇಲ್ಲದಿದ್ದರೂ ಒಂದೇ ಎಣಿಕೆ. ಹೊಸ ಪುಡಿ ತರಿಸಿದೆ, ಕರಗಿಸುವ ದ್ರವ ಬದಲಿಸಿದೆ, ಪ್ರಮಾಣ ಏರಿಸಿದೆ. ಎರಡು ತಿಂಗಳು ಹೋಯಿತು. ಕೊನೆಗೆ ಸೀನಿಯರ್ ಒಬ್ಬರ ಮುಂದೆ ಗೋಳು ತೋಡಿಕೊಂಡೆ: "ಅಕ್ಕಾ, ಈ ಔಷಧಿ ಕೆಲಸಾನೇ ಮಾಡ್ತಿಲ್ಲ."

"ನಿಂದು ಯಾವ ಸ್ಟ್ರೈನು?"

"ನ್ಯಾನ್ಸಿ."

ಅವರು ನಕ್ಕುಬಿಟ್ಟರು. ನ್ಯಾನ್ಸಿ ತಳಿ ಪ್ಲೆಕೊನರಿಲ್‌ಗೆ ಮಣಿಯುವುದಿಲ್ಲ ಎಂಬುದನ್ನು ಜರ್ಮನಿಯ ಯೆನಾದವರು 2005ರಲ್ಲೇ ವಿವರಿಸಿದ್ದರು. ವಿಪಿ1ರ 92ನೇ ಜಾಗದಲ್ಲಿ ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲ ಇದ್ದರೆ ಔಷಧ ಹಿಡಿಯುತ್ತದೆ, ಲ್ಯೂಸಿನ್ ಇದ್ದರೆ ಇಲ್ಲ. ಎರಡರಲ್ಲೂ ಪರಮಾಣುಗಳ ಲೆಕ್ಕ ಒಂದೇ, ಒಂದು ಕೊಂಬೆಯ ಜಾಗ ಮಾತ್ರ ಬೇರೆ. ಆ ಕೊಂಬೆ ನನ್ನ ಎರಡು ತಿಂಗಳು ತಿಂದಿತ್ತು.

ಐಸೊಲ್ಯೂಸಿನ್ ಇರುವ ತಳಿ ತರಿಸಿಕೊಂಡು ಮತ್ತೆ ಬಣ್ಣ ತುಂಬಿ ಬೆಳೆಸಿದೆ. ಈ ಸಲ ಔಷಧ ಹಾಕಿದ ತಟ್ಟೆಯ ತುಂಬ ಬದುಕಿದ ಕೋಶಗಳಿಗೆ ಹಿಡಿಯುವ ನೇರಳೆ ಬಣ್ಣ, ಒಂದು ತೂತೂ ಇಲ್ಲ. ಪಕ್ಕದ ತಟ್ಟೆಗಳಲ್ಲಿ 20ರಿಂದ 30 ನಿಮಿಷದ ನಡುವೆ ಪ್ಲೇಕುಗಳು ದಿಢೀರನೆ ಏರಿದ್ದವು. ಉಳಿದ ವೈರಸ್ಸನ್ನು ಫಾಯಿಲಿನಲ್ಲಿ ಸುತ್ತಿ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿಟ್ಟೆ. ಮರುವಾರ ಯಾರೋ ಲೇಬಲ್ ಓದಲೆಂದು ಫಾಯಿಲು ಬಿಚ್ಚಿ ಟ್ಯೂಬುಗಳನ್ನು ಮೇಜಿನ ದೀಪಕ್ಕೆ ಹಿಡಿದು ನೋಡಿದ್ದರು. ಈಗ ಲೇಬಲ್ಲನ್ನು ಫಾಯಿಲಿನ ಮೇಲೆಯೇ ಅಂಟಿಸುತ್ತೇನೆ.