ಊರ ಬಳಗದಿಂದ ಸ್ಥಳೀಯ ಮರಗಳ ಸಸಿತೋಟ ಮಾಡುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಪರಿಸರ ಬಳಗವೊಂದು ಗಿಡ ನೆಡಲು ಮುಂದಾದರೆ, ಜೂನ್‌ನಲ್ಲಿ ಸಸಿ ಹುಡುಕಿಕೊಂಡು ಅಲೆಯುವ ಬದಲು ಹಿಂದಿನ ಬೇಸಿಗೆಯಲ್ಲೇ ಬೀಜ ಕೂಡಿಸುವುದರಿಂದ ಆರಂಭಿಸುವುದು ಒಳ್ಳೆಯದು. ಹಲಸು, ನೇರಳೆ, ಮುರುಗಲು (ಕೋಕಂ) ಮರಗಳ ಬೀಜವನ್ನು ಭತ್ತದಂತೆ ಒಣಗಿಸಿ ಇಡಲಾಗದು. ತೇವ ಆರಿದರೆ ಮೊಳೆಯುವ ಶಕ್ತಿಯೇ ಹೋಗುವುದರಿಂದ, ಹಣ್ಣು ಬಿಡಿಸಿದ ಒಂದೆರಡು ದಿನಗಳಲ್ಲೇ ತಿರುಳು ತೊಳೆದು, ಮಣ್ಣು, ಮರಳು, ಕಳಿತ ಸಗಣಿಗೊಬ್ಬರ ಬೆರೆಸಿ ತುಂಬಿದ ಚೀಲದಲ್ಲಿ ಬೀಜದ ದಪ್ಪದಷ್ಟು ಆಳಕ್ಕೆ ಊರಬೇಕು. ಚೀಲದ ತಳದಲ್ಲಿ ತೂತುಗಳಿರಲಿ, ಮೇಲೆ ಅಡಿಕೆ ಸೋಗೆಯ ನೆರಳಿರಲಿ. ನೇರಳೆ, ಮುರುಗಲು ವರ್ಷವಿಡೀ ಚೀಲದಲ್ಲಿ ಬೆಳೆಯಲಿ. ಹಲಸನ್ನು ಮಾತ್ರ ತಾಯಿಬೇರು ತಳದಲ್ಲಿ ಸುರುಳಿ ಸುತ್ತುವ ಮೊದಲೇ ನೆಲಕ್ಕೆ ಇಳಿಸಬೇಕು.

ಶಾಲೆಯ ಆವರಣಕ್ಕೋ ಕೆರೆಯ ದಂಡೆಗೋ ಸಂಬಂಧಪಟ್ಟವರ ಒಪ್ಪಿಗೆ ಪಡೆಯಿರಿ. ಅರಣ್ಯ ಇಲಾಖೆಯ ಜಾಗವಾದರೆ ಲಿಖಿತ ಅನುಮತಿಯಿಲ್ಲದೆ ಗುದ್ದಲಿ ಹಾಕಬೇಡಿ. ಗುಡ್ಡದ ನೆತ್ತಿಯ ಸಹಜ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಬಗೆದು ಮರ ನೆಡುವುದು, ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ, ಅಲ್ಲಿನ ಜೀವಿಗಳ ನೆಲೆ ಕೆಡಿಸಿದಂತೆಯೇ. ಮಳೆ ಹಿಡಿದ ಮೇಲೆ ನೆಟ್ಟು, ದನ ಮುಟ್ಟದಂತೆ ಮುಳ್ಳುಬೇಲಿ ಕಟ್ಟಿ, ಬುಡಕ್ಕೆ ದರಗು (ಒಣ ಎಲೆ) ಹೊದಿಸಿ. ಫೆಬ್ರವರಿಯಿಂದ ಮೇವರೆಗೆ ಯಾರು ಯಾವ ವಾರ ನೀರುಣಿಸುವುದೆಂಬ ಪಟ್ಟಿಯನ್ನು ನೆಡುವ ದಿನವೇ ಬರೆದಿಡಿ.